ಕಂಕುಳಿನ ಬೆವರು ತಡೆಯುವ ಕ್ರೀಮ್: ಎರಡನೆಯ ಬ್ಯಾಚಿನ ಟಿಪ್ಪಣಿ

ಮೈಸೂರಿನ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ನಾನು ಮಾಡಿದ ಮೊದಲ ಬ್ಯಾಚ್ ಕ್ರೀಮ್ ಹೋದ ಭಾನುವಾರ ಒಡೆದುಹೋಯಿತು. ಎರಡನೆಯದು ಈವರೆಗೆ ನಿಂತಿದೆ. ಇವೆರಡರ ನಡುವೆ ತಲೆಗೆ ಹೋದದ್ದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಎಣ್ಣೆ ಮತ್ತು ನೀರನ್ನು ಎಮಲ್ಸಿಫೈಯರ್ ಕೂಡಿಸುತ್ತದೆ ಎಂಬಷ್ಟು ಓದುವವರಿಗೆ ತಿಳಿದಿದೆ ಎಂದುಕೊಂಡಿದ್ದೇನೆ.

ಲವಣ ಮಾಡುವ ಕೆಲಸ

ಡಿಯೋಡರೆಂಟ್ ವಾಸನೆಯನ್ನಷ್ಟೇ ನೋಡಿಕೊಳ್ಳುತ್ತದೆ, ಆಂಟಿಪರ್ಸ್ಪಿರೆಂಟ್ ಬೆವರನ್ನೇ ಕಡಿಮೆ ಮಾಡುತ್ತದೆ. ಎರಡನೆಯ ಕೆಲಸಕ್ಕೆ ಅಲ್ಯೂಮಿನಿಯಂ ಲವಣ ಬೇಕು.

ಮಂಡ್ಯದ ಕಡೆಯ ನಮ್ಮೂರಿನಲ್ಲಿ ನಾಲೆಯ ನೀರು ಕೆಂಪಾಗಿ ಬರುವ ದಿನಗಳಲ್ಲಿ ನಮ್ಮಜ್ಜಿ ಪಟಿಕದ ಗಟ್ಟಿಯನ್ನು ಕೊಡದೊಳಗೆ ನಾಲ್ಕು ಸುತ್ತು ತಿರುಗಿಸಿ ತೆಗೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಣ್ಣೆಲ್ಲ ಅರಳೆಯ ಎಳೆಗಳಂತೆ ಗಂಟುಗಟ್ಟಿ ತಳ ಸೇರುತ್ತಿತ್ತು. ಪಟಿಕವೂ ಅಲ್ಯೂಮಿನಿಯಂ ಲವಣವೇ. ನೀರಿನಲ್ಲಿ ಅಲ್ಯೂಮಿನಿಯಂ ಧನಾವೇಶ ಹೊತ್ತಿರುತ್ತದೆ, ಮಣ್ಣಿನ ಕಣಗಳು ಋಣಾವೇಶ ಹೊತ್ತಿರುತ್ತವೆ. ಜೊತೆಗೆ ಆಮ್ಲತೆ ಇಳಿದಂತೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಲೋಳೆಗಟ್ಟಿ, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಕೂರುತ್ತದೆ. ಬೆವರಿನ ನಾಳದ ಬಾಯಲ್ಲಿ ನಡೆಯುವುದೂ ಇದೇ. ಆಮ್ಲೀಯ ಲವಣ ಒಳಗೆ ಇಳಿದು, ಬೆವರು ತಾಕಿ ಆಮ್ಲತೆ ಕಳೆದುಕೊಂಡು, ಅಲ್ಲಿನ ಪ್ರೋಟೀನಿನೊಡನೆ ಸೇರಿ ತಾತ್ಕಾಲಿಕ ಬಿರಡೆಯಾಗುತ್ತದೆ. ಚರ್ಮ ತನ್ನ ಮೇಲ್ಪದರವನ್ನು ಉದುರಿಸಿದಂತೆ ಬಿರಡೆಯೂ ಹೋಗುತ್ತದೆ.

ಸೂಕ್ಷ್ಮ ಚರ್ಮಕ್ಕೆ ಅಲ್ಯೂಮಿನಿಯಂ ಕ್ಲೋರೈಡ್ ಬೇಡ; ಅದು ತೇವದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬಿಡುವುದರಿಂದ ಉರಿಯುತ್ತದೆ. ಅಲ್ಯೂಮಿನಿಯಂ ಕ್ಲೋರೊಹೈಡ್ರೇಟ್ ಅಷ್ಟು ಕಟುವಲ್ಲ: ಅದರ 15% ದ್ರಾವಣದ ಪಿಎಚ್ ಸುಮಾರು 4ರಿಂದ 4.4.

ಮೊದಲ ಬ್ಯಾಚ್ ಏಕೆ ಒಡೆಯಿತು

ಇಲ್ಲಿಯೇ ನಾನು ಎಡವಿದ್ದು. ಗ್ಲಿಸೆರಿಲ್ ಸ್ಟಿಯರೇಟ್ ಎಂಬ ಎಮಲ್ಸಿಫೈಯರ್ ಸೌಮ್ಯವೆಂದು ಓದಿ, ಅಂಗಡಿಯಲ್ಲಿದ್ದ ‘ಎಸ್‌ಇ’ ಮಾದರಿಯನ್ನು ತಂದಿದ್ದೆ. ಕ್ರೀಮ್ ಬೆಣ್ಣೆಯಂತೆ ಕೂಡಿಬಂತು. ಲವಣದ ದ್ರಾವಣವನ್ನು ಸಣ್ಣ ಧಾರೆಯಾಗಿ ಬಿಡತೊಡಗಿದ ಅರ್ಧ ನಿಮಿಷದಲ್ಲಿ ಬೀಕರಿನ ಅಂಚಿಗೆ ರವೆಯಂಥ ಕಾಳುಗಳು ಅಂಟಿದವು. ಕೊನೆಗೆ ನಿಂಬೆರಸ ಹಿಂಡಿದ ಹಾಲಿನಂತೆ ಗಸಿ ಬೇರೆ, ನೀರು ಬೇರೆ ಆಯಿತು. ಕದಡುವುದು ಸಾಲದೆಂದು ಇನ್ನಷ್ಟು ಕದಡಿದೆ, ಬಿಸಿ ಸಾಲದೆಂದು ಮತ್ತೆ ಬಿಸಿ ಮಾಡಿದೆ, ಎರಡೂ ವ್ಯರ್ಥ.

‘ಎಸ್‌ಇ’ ಎಂದರೆ ಸ್ವತಃ ಎಮಲ್ಷನ್ ಆಗುವ ಮಾದರಿ. ಆ ಗುಣ ಬರಲೆಂದು ಅದರಲ್ಲಿ ಸ್ವಲ್ಪ ಪೊಟ್ಯಾಸಿಯಂ ಸ್ಟಿಯರೇಟ್, ಅಂದರೆ ಸಾಬೂನು, ಬೆರೆಸಿರುತ್ತಾರೆ. ಸಾಬೂನಿನ ಕಣಕ್ಕೆ ಋಣಾವೇಶ. ಧನಾವೇಶದ ಅಲ್ಯೂಮಿನಿಯಂ ಅದನ್ನು ಹಿಡಿದು ಕರಗದ ಅಲ್ಯೂಮಿನಿಯಂ ಸಾಬೂನು ಮಾಡಿಬಿಟ್ಟಿತು, ಎಣ್ಣೆಹನಿಗಳನ್ನು ಬೇರೆ ಬೇರೆ ಇಟ್ಟಿದ್ದ ಕಾವಲು ಕಳಚಿಬಿತ್ತು. ನಾಳದೊಳಗೆ ಆಗಬೇಕಾದದ್ದು ಬೀಕರಿನಲ್ಲೇ ಆಯಿತು. ಈ ಒಂದು ಮಾತು ಹಿಡಿದರೆ ಉಳಿದ ನಿಷೇಧಗಳೆಲ್ಲ ತಾವಾಗಿಯೇ ತಿಳಿಯುತ್ತವೆ: ಋಣಾವೇಶದ ಮಂದಕಾರಿಯಾದ ಕಾರ್ಬೋಮರ್‌ನ ಜೆಲ್ ನೀರಾಗುತ್ತದೆ, ಋಣಾವೇಶದ ಸೋಡಿಯಂ ಲಾರಿಲ್ ಸಲ್ಫೇಟ್ ಇರುವ ಎಮಲ್ಸಿಫೈಯಿಂಗ್ ವ್ಯಾಕ್ಸ್ ಕೈಕೊಡುತ್ತದೆ, ಪಿಎಚ್ ಏರಿಸಲು ಅಡುಗೆ ಸೋಡಾ ಹಾಕಿದರೆ ಲವಣವೇ ಬಿಳಿ ಗಸಿಯಾಗಿ ಕೂರುತ್ತದೆ. ಚರ್ಮಕ್ಕೆ ತಂಪೆಂದು ಜಿಂಕ್ ಆಕ್ಸೈಡ್ ಸೇರಿಸುವ ಆಸೆ ನನಗೂ ಇತ್ತು. ಅದೂ ಆಮ್ಲವನ್ನು ತಿನ್ನುವ ಪದಾರ್ಥವಾದ್ದರಿಂದ ಕೈಬಿಟ್ಟೆ.

ಈಗ ಯಾವ ಪದಾರ್ಥ ತಂದರೂ ಮೊದಲು ಲೋಟದ ಪರೀಕ್ಷೆ ಮಾಡುತ್ತೇನೆ. ಗಾಜಿನ ಲೋಟದಲ್ಲಿ ಎರಡು ಚಮಚ ಡಿಸ್ಟಿಲ್ಡ್ ವಾಟರ್ ಹಾಕಿ, ಪದಾರ್ಥವನ್ನು ಚಿಟಿಕೆಯಷ್ಟು ಕರಗಿಸಿ, ಮೇಲೆ ಲವಣದ ದ್ರಾವಣವನ್ನು ಹತ್ತು ಹನಿ ಬಿಟ್ಟು, ಕಪ್ಪು ಕಾಗದದ ಮುಂದೆ ಹಿಡಿದು ನೋಡುವುದು. ಎಳೆ ಅಥವಾ ಗಸಿ ಕಂಡರೆ ಅದು ಬೇಡ. ಕ್ರೀಮನ್ನು ಮಂದವಾಗಿಸುವ ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್ ತಿಳಿಯಾಗಿಯೇ ಉಳಿಯಿತು, ಏಕೆಂದರೆ ಅದಕ್ಕೆ ಆವೇಶವೇ ಇಲ್ಲ. ಎಮಲ್ಸಿಫೈಯರ್‌ಗಳಲ್ಲಿ ಹಾಗೆ ಆವೇಶವಿಲ್ಲದ ಜೋಡಿ ಸ್ಟಿಯರೆತ್-2 ಮತ್ತು ಸ್ಟಿಯರೆತ್-21.

ಶೇಕಡಾ ಲೆಕ್ಕದ ಗೊಂದಲ

ಅಮೆರಿಕದ ನಿಯಮದಲ್ಲಿ ಕ್ಲೋರೊಹೈಡ್ರೇಟಿನ ಮಿತಿ 25%, ಅದೂ ನೀರಿನಂಶ ಕಳೆದ ಲೆಕ್ಕದಲ್ಲಿ. ಸೂಕ್ಷ್ಮ ಚರ್ಮವಾದ್ದರಿಂದ ನಾನು 10% ಸಾಕೆಂದು ನಿರ್ಧರಿಸಿದೆ. ನನ್ನ ಬಳಿ ಇದ್ದದ್ದು 50% ದ್ರಾವಣ. 100 ಗ್ರಾಂ ಕ್ರೀಮಿಗೆ 20 ಗ್ರಾಂ ದ್ರಾವಣ ತೂಗಿ ಲೆಕ್ಕ ಮುಗಿಯಿತೆಂದುಕೊಂಡೆ. ತಪ್ಪು. ಆ 50% ಎನ್ನುವುದು ಎರಡು ನೀರಿನ ಅಣುಗಳನ್ನು ಕಟ್ಟಿಕೊಂಡಿರುವ ಪುಡಿಯ ಲೆಕ್ಕ. ಶುದ್ಧ ಲವಣದ ಅಣುತೂಕ 174.45, ನೀರು ಸೇರಿದರೆ 210.48, ಭಾಗಿಸಿದರೆ 0.829. ಅಂದರೆ 20 ಗ್ರಾಂ ದ್ರಾವಣದಲ್ಲಿ 10 ಗ್ರಾಂ ಪುಡಿ, ಆ ಪುಡಿಯಲ್ಲಿ ನಿಜವಾದ ಲವಣ 8.29 ಗ್ರಾಂ ಮಾತ್ರ. 10 ಗ್ರಾಂ ಬೇಕಾದರೆ 10ನ್ನು 0.829ರಿಂದ ಭಾಗಿಸಿ 12.06 ಗ್ರಾಂ ಪುಡಿ, ಅದನ್ನು ಇಮ್ಮಡಿಸಿ 24.1 ಗ್ರಾಂ ದ್ರಾವಣ. ಡಬ್ಬಿಯ ಜೊತೆ ಬರುವ ವಿಶ್ಲೇಷಣಾ ಪತ್ರದಲ್ಲಿ ಶೇಕಡಾವಾರು ಯಾವ ರೂಪದ್ದೆಂದು ಓದಿದ ಮೇಲೆಯೇ ತಕ್ಕಡಿ ಮುಟ್ಟಬೇಕು.

ಎರಡನೆಯ ಬ್ಯಾಚ್, 100 ಗ್ರಾಂಗೆ

ಗ್ಲಿಸರಿನ್ 3 ಗ್ರಾಂ. ಅದರಲ್ಲಿ ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್ 0.4 ಗ್ರಾಂ ನೆನೆಸಿದರೆ ಗಂಟಾಗುವುದಿಲ್ಲ. ಇದಕ್ಕೆ ಡಿಸ್ಟಿಲ್ಡ್ ವಾಟರ್ 56.5, ಚರ್ಮಕ್ಕೆ ಹಿತವಾದ ಅಲಂಟೋಯಿನ್ 0.2. ಎಣ್ಣೆಯ ಭಾಗಕ್ಕೆ ಸ್ಟಿಯರೆತ್-2 3 ಗ್ರಾಂ, ಸ್ಟಿಯರೆತ್-21 2, ಸಿಟೋಸ್ಟಿಯರಿಲ್ ಆಲ್ಕೋಹಾಲ್ 3, ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್ 6, ಡೈಮೆಥಿಕೋನ್ 1. ಎರಡನ್ನೂ 75 ಡಿಗ್ರಿಗೆ ಕಾಯಿಸಿ ಕೂಡಿಸಿ, 40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಲವಣದ ದ್ರಾವಣ 24.1, ಕೆಡದಂತೆ ಕಾಯುವ ಫಿನಾಕ್ಸಿಎಥನಾಲ್ 0.8 ಸೇರಿಸಿದೆ. ಸುಗಂಧ ಹಾಕಲಿಲ್ಲ; ಮೈಸೂರಿನಲ್ಲಿದ್ದು ಗಂಧದೆಣ್ಣೆ ಬಿಟ್ಟದ್ದಕ್ಕೆ ಮನೆಯವರು ನಕ್ಕರು, ಆದರೆ ಅಲರ್ಜಿಗೆ ಸಾಮಾನ್ಯ ಕಾರಣಗಳಲ್ಲಿ ಸುಗಂಧವೂ ಒಂದು.

ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ 48 ಗಂಟೆ ನೋಡಬೇಕು. ಅನಂತರ ರಾತ್ರಿ, ಕಂಕುಳು ಪೂರ್ತಿ ಒಣಗಿದ ಮೇಲೆ, ತೆಳುವಾಗಿ ಹಚ್ಚಬೇಕು; ಬೆವರು ಕಡಿಮೆ ಇರುವಾಗ ಲವಣ ನಾಳದೊಳಗೆ ಇಳಿಯಲು ಬಿಡುವು ಸಿಗುತ್ತದೆ. ಕೂದಲು ತೆಗೆದ ದಿನ, ಗಾಯ ಅಥವಾ ಗುಳ್ಳೆ ಇರುವಾಗ ಬೇಡ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಇದು ಸ್ವಂತ ಕಲಿಕೆಯ ಬ್ಯಾಚ್. ಮಾರಾಟಕ್ಕೆ ತಯಾರಿಸುವುದಾದರೆ ಕಾಸ್ಮೆಟಿಕ್ಸ್ ನಿಯಮಗಳು, 2020ರ ಪ್ರಕಾರ ಪರವಾನಗಿ ಬೇಕು.

ಕದಡಲು ಗಾಜಿನ ಕಡ್ಡಿ, ತುಂಬಲು ಪ್ಲಾಸ್ಟಿಕ್ ಡಬ್ಬಿ ಬಳಸಿದೆ. ಆಮ್ಲೀಯ ಕ್ಲೋರೈಡ್ ಲೋಹವನ್ನು ಕೊರೆಯುವುದರಿಂದ ಸ್ಟೀಲ್ ಚಮಚವನ್ನು ಅದರೊಳಗೆ ಬಿಟ್ಟಿಡಬಾರದು.