ಕವಡೆಯೊಳಗಿನ ಹುಳು ಎಲ್ಲಿಗೆ ಹೋಗುತ್ತದೆ?

ಹುಲಿಗಿ ಜಾತ್ರೆ ಮುಗಿದು ವಾರ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದವರು ಗಂಗಾವತಿಯ ಓದುಗರೊಬ್ಬರು. ಜೋಗತಿಯರ ಕೊರಳಿನ ಕವಡೆಸರವನ್ನು ಕಂಡು ಬೆರಗಾದ ಅವರ ಮಗಳಿಗೆ, ಹಾವು ಪೊರೆ ಬಿಡುವಂತೆ ಹುಳು ಬೆಳೆದಾಗಲೆಲ್ಲ ಹಳೆಯ ಕವಡೆಯನ್ನು ಬಿಟ್ಟು ದೊಡ್ಡದೊಂದನ್ನು ಹೊಕ್ಕುತ್ತದೆ ಎಂದು ಮನೆಯ ಹಿರಿಯರು ಹೇಳಿದರಂತೆ. ನಿಜವೇ ಎಂದು ಕೇಳಿದ್ದಾರೆ.

ನಿಜವಲ್ಲ. ಎಷ್ಟು ಸಲ ಬರೆದರೂ ಈ ನಂಬಿಕೆ ಅಳಿಯದ ಕಾರಣ ಈ ಬಾರಿ ವಿಸ್ತಾರವಾಗಿಯೇ ಹೇಳುತ್ತೇನೆ.

ಕವಡೆಯು ಹುಳುವಿನ ಮೈಯಿಂದಲೇ ಸ್ರವಿಸಿ ಗಟ್ಟಿಯಾದ ಸುಣ್ಣದ ಚಿಪ್ಪು. ಹುಳು ಅದಕ್ಕೆ ಸ್ನಾಯುವಿನಿಂದ ಬಿಗಿದುಕೊಂಡಿರುತ್ತದೆ, ಕಿತ್ತರೆ ಸಾಯುತ್ತದೆ. ಎಳೆಯದಿದ್ದಾಗ ಅದರ ಚಿಪ್ಪು ತೆಳ್ಳಗೆ, ಅಗಲ ಬಾಯಿಯೊಂದಿಗೆ, ಕವಡೆಯೆಂದು ಗುರುತೇ ಸಿಗದಂತಿರುತ್ತದೆ. ಪ್ರಾಯಕ್ಕೆ ಬಂದಾಗ ಬಾಯಿಯ ಅಂಚು ಒಳಕ್ಕೆ ಸುರುಳಿಕೊಂಡು, ಸೀಳಿನಷ್ಟೇ ಉಳಿದು, ಹಲ್ಲುಗಳು ಮೂಡುತ್ತವೆ. ಅಲ್ಲಿಂದಾಚೆಗೆ ಚಿಪ್ಪು ದಪ್ಪವಾಗುತ್ತದೆಯೇ ಹೊರತು ಉದ್ದ ಬೆಳೆಯುವುದಿಲ್ಲ. ಆದ್ದರಿಂದ ನಿಮ್ಮ ಚೌಕಾಬಾರದ ಡಬ್ಬಿಯಲ್ಲಿರುವ ಹಲ್ಲುಳ್ಳ ಪುಟ್ಟ ಕವಡೆಯನ್ನು ದೊಡ್ಡದರ ಮರಿಯೆಂದು ತಿಳಿಯಬೇಡಿ. ಅದು ಸಣ್ಣ ಗಾತ್ರದಲ್ಲೇ ಪ್ರಾಯಕ್ಕೆ ಬಂದ ಜೀವಿಯದು. ಹಣದ ಕವಡೆಯೆಂಬ ಈ ಜಾತಿ ಸಾಮಾನ್ಯವಾಗಿ 2 ಸೆಂಟಿಮೀಟರ್ ಆಸುಪಾಸಿನಲ್ಲೇ ಇರುತ್ತದೆ.

ಇನ್ನೂ ಸಂಶಯವಿದ್ದರೆ, ಸರಕ್ಕೆ ಪೋಣಿಸಲು ಬೆನ್ನು ತೇಯ್ದು ತೂತು ಮಾಡಿದ ಕವಡೆಯೊಂದನ್ನು ಬೆಳಕಿಗೆ ಹಿಡಿದು ಇಣುಕಿರಿ. ಒಳಗೆ ತಿರುಪಿನಂತೆ ಸುತ್ತಿಕೊಂಡ ಗೋಡೆ ಕಾಣುತ್ತದೆ. ಹುಳುವಿನ ಮೈ ಆ ಸುತ್ತಿನೊಡನೆಯೇ ಬೆಳೆದದ್ದು. ಚೀಲದಿಂದ ಜಾರಿದಂತೆ ಜಾರಿ ಹೊರಬರುವಂಥದ್ದಲ್ಲ. ಚಿಪ್ಪಿನ ಹೊಳಪಿನ ಕಾರಣವೂ ಹೀಗೆಯೇ: ಜೀವಂತವಿದ್ದಾಗ ಮೈಯ ಮೃದುವಾದ ಮಡಿಕೆಗಳು ಎರಡೂ ಕಡೆಯಿಂದ ಮೇಲೇರಿ ಚಿಪ್ಪನ್ನು ಮುಚ್ಚಿಕೊಳ್ಳುತ್ತವೆ. ನಮ್ಮ ತುಂಗಭದ್ರಾ ಕಾಲುವೆಯ ಬಸವನಹುಳುವಿಗೆ ಆ ಹೊದಿಕೆಯಿಲ್ಲ, ಚಿಪ್ಪು ಮಂಕು.

ಮನೆ ಬದಲಿಸುವ ಪ್ರಾಣಿಯೊಂದು ಸಮುದ್ರದಲ್ಲಿ ಇರುವುದೇನೋ ಹೌದು. ಅದು ಸನ್ಯಾಸಿ ಏಡಿ. ಸತ್ತ ಶಂಖುಗಳನ್ನು ಹೊಕ್ಕು, ಬೆಳೆದಂತೆ ಬೇರೊಂದಕ್ಕೆ ದಾಟುತ್ತದೆ. ಏಡಿಯ ಲೆಕ್ಕವನ್ನು ಕವಡೆಯ ಖಾತೆಗೆ ಬರೆದವರು ಯಾರೋ ಕಾಣೆ.

ಹಾಗಾದರೆ ಹುಳು ಹೋದದ್ದೆಲ್ಲಿಗೆ? ಕೊಳೆತುಹೋಯಿತು. 1343ರ ಸುಮಾರಿಗೆ ಮಾಲ್ಡೀವ್ಸ್‌ಗೆ ಬಂದಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಅಲ್ಲಿನವರು ಸಮುದ್ರದಿಂದ ಹೆಕ್ಕಿದ ಕವಡೆಗಳನ್ನು ದಡದ ಗುಂಡಿಗಳಲ್ಲಿ ಹೂಳಿ, ಮಾಂಸ ಕರಗಿ ಬಿಳಿಯ ಚಿಪ್ಪು ಉಳಿಯುವವರೆಗೆ ಬಿಡುತ್ತಿದ್ದುದನ್ನು ಬರೆದಿದ್ದಾನೆ.

ಯಾರೂ ಕೇಳದಿದ್ದರೂ ಇದನ್ನು ಹೇಳದೆ ಇರಲಾರೆ. ಆ ಚಿಪ್ಪುಗಳನ್ನು ಕೊಟ್ಟು ಮಾಲ್ಡೀವ್ಸಿನವರು ಬಂಗಾಳದ ಅಕ್ಕಿಯನ್ನು ಕೊಳ್ಳುತ್ತಿದ್ದರು. ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ ಎಂಬುದು ಆತನೇ ಕೊಟ್ಟ ದರ. ತುಕ್ಕು ಹಿಡಿಯದ, ಕೊಳೆಯದ, ಖೋಟಾ ಮಾಡಲಾಗದ, ಹೆಚ್ಚುಕಡಿಮೆ ಒಂದೇ ಗಾತ್ರದ ಈ ಚಿಪ್ಪು ಚಿಲ್ಲರೆಗೆ ಹೇಳಿ ಮಾಡಿಸಿದಂತಿತ್ತು. ಸಂತೆಯಲ್ಲಿ ಹುಳುಕು ಬದನೆಕಾಯಿಯನ್ನು ಹಿಂದಕ್ಕೆ ಎಸೆದು “ಕವಡೆ ಕಾಸಿನ ಕಿಮ್ಮತ್ತಿಲ್ಲ” ಎನ್ನುವಾಗ ನಾವು ಎಣಿಸುವುದು ಆ ಚಿಲ್ಲರೆಯನ್ನೇ.