ಕಾರಿನ ಎಸಿ ಗ್ಯಾಸ್: ಗಾಳಿಗೆ ಬಿಡುವ ರೂಢಿ ಎಲ್ಲಿಂದ ಬಂತು?

ಬೇಸಿಗೆ ಶುರುವಾಗುತ್ತಿದ್ದಂತೆ ಗ್ಯಾರೇಜುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: ‘ಎಸಿ ತಂಪಾಗ್ತಿಲ್ಲ, ಗ್ಯಾಸ್ ತುಂಬಿಸಿಕೊಡಿ.’ ಅನೇಕ ಕಡೆ ಮುಂದಿನ ಕೆಲಸ ಸಾಗುವ ಬಗೆಯೂ ಒಂದೇ. ಸರ್ವಿಸ್ ಪೋರ್ಟಿನ ಮುಚ್ಚಳ ತೆಗೆದು, ಒಳಗಿನ ಪಿನ್ನನ್ನು ಒತ್ತಿ, ಉಳಿದ ಗ್ಯಾಸನ್ನು ಬುಸ್ಸೆಂದು ಹೊರಗೆ ಬಿಟ್ಟು, ಹೊಸ ಕ್ಯಾನು ಜೋಡಿಸಿದರೆ ಅರ್ಧ ಗಂಟೆಯಲ್ಲಿ ಕಾರು ಹೊರಡುತ್ತದೆ. ಆದರೆ ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್, ಕಂಡೆನ್ಸರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಕೂಲಿಂಗ್ ಕಾಯಿಲ್ ಇವುಗಳ ನಡುವೆ ಅದು ದ್ರವವಾಗುತ್ತ, ಮತ್ತೆ ಅನಿಲವಾಗುತ್ತ ಮುಚ್ಚಿದ ದಾರಿಯಲ್ಲಿ ಸುತ್ತುತ್ತಿರುತ್ತದೆ. ಗೊತ್ತೇ ಆಗದಷ್ಟು ಸೋರಿಕೆ ವರ್ಷಗಳಲ್ಲಿ ಆಗುವುದು ಸಹಜವಾದರೂ, ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕಾಗಿ ಬರುತ್ತಿದ್ದರೆ ಎಲ್ಲೋ ಲೀಕ್ ಇದೆಯೆಂದೇ ಅರ್ಥ. ಲೀಕ್ ಹುಡುಕದೆ ಗ್ಯಾಸ್ ತುಂಬುವುದು, ಉಳಿದದ್ದನ್ನು ಗಾಳಿಗೆ ಬಿಡುವುದು, ಈ ಎರಡೂ ರೂಢಿಗಳಿಗೆ ಸುಮಾರು ತೊಂಬತ್ತು ವರ್ಷಗಳ ಹಿನ್ನೆಲೆಯಿದೆ. ಇವೆರಡೂ ಹುಟ್ಟಿದ್ದು, ಗ್ಯಾಸ್ ಯಾರಿಗೂ ಏನೂ ಮಾಡುವುದಿಲ್ಲ ಎಂಬ ನಂಬಿಕೆಯಿಂದ.

1920ರ ದಶಕದಲ್ಲಿ ರೆಫ್ರಿಜರೇಟರುಗಳ ಒಳಗೆ ಇರುತ್ತಿದ್ದುದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂಥ ಅನಿಲಗಳು. ಇವು ಸೋರಿದರೆ ಉಸಿರಿಗೆ ಕುತ್ತು. ಮನೆಯ ರೆಫ್ರಿಜರೇಟರು ಸೋರಿ ಜನ ಸತ್ತ ಪ್ರಕರಣಗಳೂ ಅಮೆರಿಕದಲ್ಲಿ ನಡೆದಿದ್ದವು. ಜನರಲ್ ಮೋಟರ್ಸ್ ಕಂಪನಿಯ ರಸಾಯನ ವಿಜ್ಞಾನಿ ಥಾಮಸ್ ಮಿಡ್ಗ್ಲೆ ಮತ್ತು ಸಂಗಡಿಗರು 1928ರಲ್ಲಿ ಕಂಡುಕೊಂಡ ಡೈಕ್ಲೋರೋಡೈಫ್ಲೋರೋಮೀಥೇನ್ ಈ ಭಯವನ್ನು ನಿವಾರಿಸಿತು. ಅದು ಉರಿಯುತ್ತಿರಲಿಲ್ಲ, ವಿಷವಾಗಿರಲಿಲ್ಲ. 1930ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯೊಂದರಲ್ಲಿ ಮಿಡ್ಗ್ಲೆ ಆ ಅನಿಲವನ್ನು ತಾನೇ ಒಳಗೆಳೆದುಕೊಂಡು, ಉರಿಯುವ ಮೇಣದಬತ್ತಿಯ ಮೇಲೆ ಊದಿ ಅದನ್ನು ಆರಿಸಿ ತೋರಿಸಿದ. ಫ್ರಿಯಾನ್ ಎಂಬ ವ್ಯಾಪಾರನಾಮದಲ್ಲಿ ಬಂದ ಈ ಅನಿಲಕ್ಕೆ ಆರ್-12 ಎಂಬ ಗುರುತು ಅಂಟಿತು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಿಡ್ಗ್ಲೆಯದ್ದು ಎಂಬುದನ್ನು ಇಲ್ಲಿ ನೆನೆಯದೆ ಇರುವುದು ಕಷ್ಟ.

ಕಾರ್ಖಾನೆಯಲ್ಲೇ ಎಸಿ ಜೋಡಿಸಿಕೊಂಡು ಬಂದ ಮೊದಲ ಕಾರು ಪ್ಯಾಕರ್ಡ್ ಕಂಪನಿಯ 1940ರ ಮಾದರಿ. ಅದರ ಕೂಲಿಂಗ್ ಕಾಯಿಲ್ ಇದ್ದದ್ದು ಡಿಕ್ಕಿಯ ಭಾಗದಲ್ಲಿ. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲವಾದ್ದರಿಂದ ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ಐವತ್ತರ ದಶಕದಲ್ಲಿ ಎಲ್ಲ ಭಾಗಗಳೂ ಮುಂದಕ್ಕೆ ಬಂದ ಮೇಲೆ ಕಾರಿನ ಎಸಿ ಅಮೆರಿಕದಲ್ಲಿ ವೇಗವಾಗಿ ಹರಡಿತು. ಮನೆಯ ಫ್ರಿಡ್ಜಿಗೆ ಹೋಲಿಸಿದರೆ ಕಾರಿನ ಎಸಿಯಲ್ಲಿ ಲೀಕ್ ಹೆಚ್ಚು, ಯಾಕೆಂದರೆ ಕಂಪ್ರೆಸರು ಎಂಜಿನ್ನಿನ ಜೊತೆ ಅಲುಗುತ್ತಿರುತ್ತದೆ, ಹಾಗಾಗಿ ಪೈಪಿನ ಕೆಲವು ಭಾಗಗಳು ರಬ್ಬರಿನವೇ ಆಗಬೇಕು, ಜೋಡಣೆಗಳಲ್ಲಿ ಓ-ರಿಂಗ್ ಇರಬೇಕು, ಬೆಲ್ಟಿನಿಂದ ತಿರುಗುವ ಕಂಪ್ರೆಸರಿನ ಶಾಫ್ಟು ಹೊರಬರುವ ಕಡೆ ಸೀಲ್ ಇರಬೇಕು. ಇವೆಲ್ಲ ಸವೆಯುವ ವಸ್ತುಗಳು. ಸೋರುವ ಗ್ಯಾಸ್ ಅಗ್ಗವಾಗಿರುವಾಗ, ಅಪಾಯವೂ ಇಲ್ಲವೆಂದಿರುವಾಗ, ಸೀಲ್ ಬದಲಿಸುವುದಕ್ಕಿಂತ ಗ್ಯಾಸ್ ತುಂಬುವುದೇ ಲಾಭವೆನಿಸಿತು. ಸರ್ವಿಸಿಂಗ್ ಎಂಬ ಕೆಲಸ ರೂಪುಗೊಂಡದ್ದೇ ಈ ಲೆಕ್ಕಾಚಾರದ ಮೇಲೆ.

ಹಾಗೆಂದು ಆರ್-12 ಗ್ಯಾರೇಜಿನೊಳಗೂ ಪೂರ್ತಿ ನಿರಪಾಯಕಾರಿಯಾಗಿರಲಿಲ್ಲ. ಅಂದಿನ ಮೆಕ್ಯಾನಿಕ್ಕುಗಳು ಲೀಕ್ ಹುಡುಕಲು ಸಣ್ಣ ಜ್ವಾಲೆಯ ಟಾರ್ಚನ್ನು ಪೈಪಿನ ಉದ್ದಕ್ಕೂ ಹಿಡಿಯುತ್ತಿದ್ದರು. ಕ್ಲೋರಿನ್ ಇರುವ ಗ್ಯಾಸ್ ತಾಗಿದ ಕೂಡಲೇ ಜ್ವಾಲೆ ಹಸಿರಾಗುತ್ತಿತ್ತು. ಆದರೆ ಆರ್-12 ಬೆಂಕಿಯಲ್ಲಿ ಒಡೆದಾಗ ಹುಟ್ಟುವ ಅನಿಲಗಳಲ್ಲಿ, ಸಣ್ಣ ಪ್ರಮಾಣದಲ್ಲಾದರೂ, ಫಾಸ್ಜೀನ್ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ ಅದೇ.

1974ರಲ್ಲಿ ಕ್ಯಾಲಿಫೋರ್ನಿಯದ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್, ಆರ್-12ನಂಥ ಕ್ಲೋರೋಫ್ಲೋರೋಕಾರ್ಬನ್ನುಗಳು ನೆಲಮಟ್ಟದಲ್ಲಿ ಯಾವುದರೊಡನೆಯೂ ಬೆರೆಯದೆ ಮೇಲೇರಿ, ಅಲ್ಲಿ ಸೂರ್ಯನ ಅತಿನೇರಳೆ ಕಿರಣಕ್ಕೆ ಒಡೆದು, ಬಿಡುಗಡೆಯಾದ ಕ್ಲೋರಿನ್ ಮೂಲಕ ಓಝೋನ್ ಪದರವನ್ನು ತಿನ್ನುತ್ತವೆ ಎಂದು ತೋರಿಸಿದರು. ಯಾವುದರೊಡನೆಯೂ ಪ್ರತಿಕ್ರಿಯಿಸದ ಗುಣದಿಂದಲೇ ಆರ್-12 ಸುರಕ್ಷಿತವೆನಿಸಿಕೊಂಡಿತ್ತು. ಅದೇ ಗುಣದಿಂದ ಅದು ವಾತಾವರಣದಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ತೆಳುವಾಗಿರುವುದನ್ನು ಅಳೆದು ಪ್ರಕಟಿಸಿದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ. 1987ರ ಸೆಪ್ಟೆಂಬರ್ 16ರಂದು, ಓಝೋನ್ ನಾಶಕ ವಸ್ತುಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಮೊಲಿನಾ ಮತ್ತು ರೋಲ್ಯಾಂಡ್ ಅವರು ಪಾಲ್ ಕ್ರುಟ್ಸನ್ ಜೊತೆ 1995ರಲ್ಲಿ ನೊಬೆಲ್ ಪಡೆದರು.

ಗ್ಯಾರೇಜಿಗೆ ಕಾನೂನು ಕಾಲಿಟ್ಟದ್ದು ಆ ಒಪ್ಪಂದದ ನಂತರ. ಅಮೆರಿಕದಲ್ಲಿ 1992ರಿಂದ ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡುವುದು ಅಪರಾಧವಾಯಿತು. ಕಾರಿನ ಎಸಿ ಮುಟ್ಟುವವರಿಗೆ ಪ್ರಮಾಣಪತ್ರವೂ, ಹಳೆಯ ಗ್ಯಾಸನ್ನು ಹೀರಿಕೊಂಡು ಸಿಲಿಂಡರಿಗೆ ತುಂಬುವ ರಿಕವರಿ ಯಂತ್ರವೂ ಕಡ್ಡಾಯವಾದವು. ಅಲ್ಲಿ 1996ರಲ್ಲಿ ಆರ್-12 ತಯಾರಿಕೆ ನಿಂತಿತು. ಹೊಸ ಕಾರುಗಳು ಕ್ಲೋರಿನ್ ಇಲ್ಲದ ಆರ್-134ಎಗೆ ಬದಲಾದವು, ಆದರೆ ರಸ್ತೆಯ ಮೇಲಿದ್ದ ಹಳೆಯ ಕಾರುಗಳಿಗೆ ಆರ್-12 ಬೇಕೇ ಬೇಕಿತ್ತು. ಬೆಲೆ ಏರಿತು, ಮಯಾಮಿ ಬಂದರಿನ ಮೂಲಕ ಆರ್-12 ಕಳ್ಳಸಾಗಣೆ ದೊಡ್ಡ ದಂಧೆಯಾಯಿತು.

ಎರಡು ಗ್ಯಾಸ್ ಒಟ್ಟಿಗೆ ಚಾಲ್ತಿಯಲ್ಲಿದ್ದ ಆ ವರ್ಷಗಳು ಸರ್ವಿಸಿಂಗಿನ ಇಂದಿನ ಅನೇಕ ನಿಯಮಗಳ ಮೂಲ. ಆರ್-12 ಜೊತೆ ಸುತ್ತುತ್ತಿದ್ದ ಖನಿಜ ಎಣ್ಣೆ ಆರ್-134ಎಯಲ್ಲಿ ಕರಗುವುದಿಲ್ಲ. ಗ್ಯಾಸ್ ಬದಲಿಸಿ ಎಣ್ಣೆ ಹಾಗೇ ಬಿಟ್ಟರೆ ಕಂಪ್ರೆಸರಿಗೆ ಎಣ್ಣೆ ಮರಳದೆ ಅದು ಜಾಮ್ ಆಗುತ್ತದೆ. ಬೆರಕೆಯಾಗಬಾರದೆಂದೇ ಆರ್-134ಎ ಕಾರುಗಳಿಗೆ ಹಳೆಯ ತಿರುಪಿನ ಜೋಡಣೆ ಬಿಟ್ಟು ಬೇರೆ ಆಕಾರದ ಕಪ್ಲರುಗಳನ್ನು ಕೊಟ್ಟರು, ಹೆಚ್ಚು ಒತ್ತಡದ ಹೈ ಸೈಡಿನದನ್ನು ಕಡಿಮೆ ಒತ್ತಡದ ಲೋ ಸೈಡಿಗೆ ಹಾಕಲಾಗದಂತೆ ಅಳತೆಯನ್ನೂ ಬೇರೆ ಮಾಡಿದರು. ಹೊಸ ಗ್ಯಾಸಿನ ಪಾಲಿಆಲ್ಕೈಲೀನ್ ಗ್ಲೈಕಾಲ್ ಎಣ್ಣೆ, ಅಂದರೆ ಪ್ಯಾಗ್ ಆಯಿಲ್, ಗಾಳಿಯ ತೇವವನ್ನು ಬಲು ಬೇಗ ಹೀರುತ್ತದೆ. ಡಬ್ಬಿಯ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗುವುದು ಖನಿಜ ಎಣ್ಣೆಯ ಕಾಲದಲ್ಲಿ ನಡೆಯುತ್ತಿತ್ತೇನೋ, ಈಗ ಸಲ್ಲ. ಮಂಗಳೂರಿನ ಜೂನ್ ತಿಂಗಳಲ್ಲಂತೂ ಸುತರಾಂ ಸಲ್ಲ. ಒಳಸೇರಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಮಂಜುಗಟ್ಟಿ ದಾರಿ ಕಟ್ಟುತ್ತದೆ, ಎಣ್ಣೆಯನ್ನು ಕೆಡಿಸಿ ಲೋಹವನ್ನು ತಿನ್ನುತ್ತದೆ.

ಗ್ಯಾಸ್ ತುಂಬುವ ಮುನ್ನ ವ್ಯಾಕ್ಯೂಮ್ ಹೊಡೆಯುವುದು, ಅಂದರೆ ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುವುದು, ಈ ತೇವವನ್ನು ತೆಗೆಯಲಿಕ್ಕೆ. ಒತ್ತಡ ಸಾಕಷ್ಟು ಇಳಿದರೆ ನೀರು 25 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಪಂಪಿನ ಮೂಲಕ ಹೊರಬೀಳುತ್ತದೆ. ಕೈಪಿಡಿಗಳು ಗೇಜಿನ ಮುಳ್ಳು ಪಾದರಸದ 29 ಇಂಚು ಮುಟ್ಟಬೇಕೆನ್ನುತ್ತವೆ, ಆದರೆ ಆ ಮಾತು ಸಮುದ್ರಮಟ್ಟದ ಊರಿಗೆ ಬರೆದದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಪಾದರಸದ 27 ಇಂಚಿನ ಆಸುಪಾಸು ಇರುವುದರಿಂದ, ಎಷ್ಟೇ ಒಳ್ಳೆಯ ಪಂಪಿದ್ದರೂ ಮಾಮೂಲಿ ಗೇಜು ಅದನ್ನು ದಾಟಲಾರದು. ಪಂಪು ದುರ್ಬಲವಾಗಿದೆಯೆಂದು ಅದನ್ನು ಬದಲಿಸುವ ಅಗತ್ಯವಿಲ್ಲ. ಮುಳ್ಳು ನಿಂತ ಮೇಲೂ ಅರ್ಧ ಗಂಟೆ ಪಂಪು ಓಡಿಸಿ, ವಾಲ್ವ್ ಮುಚ್ಚಿ, ಮುಳ್ಳು ಹಿಂದಕ್ಕೆ ಬರುತ್ತದೆಯೇ ಎಂದು ಕಾದು ನೋಡುವುದು ಮುಖ್ಯ. ಹಿಂದೆ ಬಂದರೆ ಲೀಕ್ ಇದೆ ಅಥವಾ ತೇವ ಉಳಿದಿದೆ.

ಲೀಕ್ ಪರೀಕ್ಷೆಗೆ ಟೈರಿಗೆ ಹೊಡೆಯುವ ಕಂಪ್ರೆಸರಿನ ಗಾಳಿಯನ್ನು ಬಳಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಆ ಗಾಳಿ ತೇವ ತರುವುದಷ್ಟೇ ಅಲ್ಲ, ಸಾಮಾನ್ಯವಾಗಿ ಉರಿಯದ ಆರ್-134ಎ ಹೆಚ್ಚಿನ ಒತ್ತಡದಲ್ಲಿ ಗಾಳಿಯೊಂದಿಗೆ ಬೆರೆತಾಗ ಹೊತ್ತಿಕೊಳ್ಳಬಲ್ಲದು. ಒಣ ನೈಟ್ರೋಜನ್ ಬಳಸಬೇಕು, ಅದೂ ರೆಗ್ಯುಲೇಟರ್ ಮೂಲಕ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆಯೆಂದು ಅದನ್ನು ಜೋಡಿಸಿದರೆ ಒಳಗಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುತ್ತದೆ. ಆರ್-134ಎ ದ್ರವ ಹೊರಬಿದ್ದಾಗ ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಚರ್ಮಕ್ಕೆ ತಾಗಿದರೆ ಹಿಮಗಾಯ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಆದ್ದರಿಂದ ಕನ್ನಡಕ ಮತ್ತು ಕೈಗವಸು ಬೇಕು. ಗ್ಯಾಸು ಗಾಳಿಗಿಂತ ಮೂರೂವರೆ ಪಟ್ಟು ಭಾರವಾದ್ದರಿಂದ ಸರ್ವಿಸ್ ಪಿಟ್ಟಿನೊಳಗೆ ಇಳಿದು ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಗಮನಕ್ಕೆ ಬರುವಂಥದ್ದಲ್ಲ. ಕೆಳಗಿರುವವನಿಗೆ ತಲೆಸುತ್ತು ಬರುವುದೋ ಪ್ರಜ್ಞೆ ತಪ್ಪುವುದೋ ಮೊದಲ ಸೂಚನೆಯಾಗಬಹುದು.

ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿ, 2000ದಲ್ಲಿ ಓಝೋನ್ ನಾಶಕ ವಸ್ತುಗಳ ನಿಯಮಗಳನ್ನು ತಂದಿತು. 2003ರ ಜನವರಿ 1ರಿಂದ ಹೊಸ ಉಪಕರಣಗಳಲ್ಲಿ ಆರ್-12 ಬಳಕೆ ನಿಂತು, 2008ರ ಆಗಸ್ಟ್‌ನಲ್ಲಿ ಔಷಧದ ಇನ್‌ಹೇಲರುಗಳಂಥ ವಿನಾಯಿತಿ ಬಿಟ್ಟರೆ ಅದರ ತಯಾರಿಕೆಯೇ ಕೊನೆಗೊಂಡಿತು. ಗ್ಯಾಸ್ ಬದಲಾಯಿತು, ಗ್ಯಾರೇಜಿನ ರೂಢಿ ಬದಲಾಗಲಿಲ್ಲ. ಓಝೋನಿಗೆ ಹಾನಿಯಿಲ್ಲ ಎಂಬ ಆರ್-134ಎ ಕ್ಯಾನಿನ ಮೇಲಿನ ಬರಹವೇ ಅದನ್ನು ಗಾಳಿಗೆ ಬಿಡಲು ಕೊಟ್ಟ ಪರವಾನಗಿಯಂತಾಯಿತು. ಆದರೆ ನೂರು ವರ್ಷದ ಲೆಕ್ಕದಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಸಣ್ಣ ಕಾರೊಂದರ 450 ಗ್ರಾಂ ಗ್ಯಾಸ್ ಬಿಟ್ಟರೆ 640 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಇಷ್ಟನ್ನು ಉಗುಳಲು 4,000 ಕಿಲೋಮೀಟರಿನಷ್ಟು ಓಡಬೇಕು.

ಐರೋಪ್ಯ ಒಕ್ಕೂಟ 2006ರಲ್ಲಿ ಹೊರಡಿಸಿದ ನಿರ್ದೇಶನ, ಗ್ಯಾಸ್ ಎಷ್ಟು ಪಟ್ಟು ಬಿಸಿ ಹಿಡಿಯಬಹುದೆಂಬ ಅಂಕಿಯನ್ನು 150ಕ್ಕೆ ಮಿತಿಗೊಳಿಸಿ, 2017ರಿಂದ ಎಲ್ಲ ಹೊಸ ಕಾರುಗಳಿಗೂ ಅನ್ವಯಿಸಿತು. ಹನಿವೆಲ್ ಮತ್ತು ಡ್ಯುಪಾಂಟ್ ರೂಪಿಸಿದ ಆರ್-1234ವೈಎಫ್ ಎರಡು ವಾರದೊಳಗೆ ವಾತಾವರಣದಲ್ಲಿ ಕರಗಿಹೋಗುತ್ತದೆ, ಆದರೆ ಮಂದವಾಗಿ ಉರಿಯುತ್ತದೆ. 2012ರಲ್ಲಿ ಮರ್ಸಿಡಿಸ್ ಕಾರುಗಳ ತಯಾರಕ ಡೈಮ್ಲರ್ ತನ್ನ ಪರೀಕ್ಷೆಯಲ್ಲಿ ಅದು ಬಿಸಿ ಎಂಜಿನ್ ಮೇಲೆ ಸಿಡಿದಾಗ ಹೊತ್ತಿಕೊಂಡಿತೆಂದು ಹೇಳಿ ಬಳಕೆ ನಿರಾಕರಿಸಿತು. ಹಳೆಯ ಗ್ಯಾಸನ್ನೇ ಮುಂದುವರಿಸಲು ಆ ಕಂಪನಿಗೆ ಬಿಟ್ಟದ್ದಕ್ಕೆ ಜರ್ಮನಿ ಐರೋಪ್ಯ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಈ ಗ್ಯಾಸ್ ಒಡೆದು ಉಂಟಾಗುವ ಟ್ರೈಫ್ಲೋರೋಅಸೆಟಿಕ್ ಆಮ್ಲ ನೀರಿನಲ್ಲಿ ಉಳಿದುಬಿಡುತ್ತದೆ ಎಂಬ ಆಕ್ಷೇಪ ಈಗ ಅಲ್ಲಿ ಜೋರಾಗಿದೆ.

ಆಕ್ಷೇಪಗಳ ನಡುವೆ ಬೆಳೆದದ್ದು ನಕಲಿ ಗ್ಯಾಸಿನ ವ್ಯಾಪಾರ. 2011ರಲ್ಲಿ ಶೀತಲ ಸರಕು ಕಂಟೇನರುಗಳು ಸಿಡಿದು ವಿಯೆಟ್ನಾಂ ಮತ್ತು ಬ್ರೆಜಿಲಿನಲ್ಲಿ ಮೂವರು ಸತ್ತರು. ಆರ್-134ಎ ಹೆಸರಿನ ಸಿಲಿಂಡರಿನಲ್ಲಿ ಇದ್ದದ್ದು 1920ರ ದಶಕದಲ್ಲಿ ಕೈಬಿಡಲು ಹೊರಟಿದ್ದ ಅದೇ ಮೀಥೈಲ್ ಕ್ಲೋರೈಡ್. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವನ್ನು ಹುಟ್ಟಿಸುತ್ತದೆ, ಕಾರಿನ ಕಂಡೆನ್ಸರ್ ಅಲ್ಯೂಮಿನಿಯಮ್ಮಿನದೇ. ಬೆರಕೆಯ ಒತ್ತಡ ಅಸಲಿಯಂತೆಯೇ ಇರುವಂತೆ ಮಾಡಿರುವುದರಿಂದ ಗೇಜು ನೋಡಿ ನಕಲಿಯನ್ನು ಪತ್ತೆಹಚ್ಚಲಾಗದು. ಗ್ಯಾಸಿನ ಸಂಯೋಜನೆ ಅಳೆಯುವ ಐಡೆಂಟಿಫೈಯರ್ ಯಂತ್ರವೇ ಬೇಕು. ಅಡುಗೆ ಅನಿಲದ ಜಾತಿಯ ಹೈಡ್ರೋಕಾರ್ಬನ್ನುಗಳನ್ನು ಅಗ್ಗವೆಂದು ತುಂಬುವುದೂ ಇದೇ ಸಾಲಿಗೆ ಸೇರುತ್ತದೆ. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಅದು ಸೋರಿದರೆ ಉರಿಯುವ ಅನಿಲ ನೇರ ಪ್ರಯಾಣಿಕರ ಕಡೆಗೇ ಬರುತ್ತದೆ.

ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳು ಇನ್ನೊಂದು ಎಚ್ಚರಿಕೆ ತಂದಿವೆ. ಅವುಗಳ ಕಂಪ್ರೆಸರಿನೊಳಗೆ ನೂರಾರು ವೋಲ್ಟಿನ ಮೋಟರು ಎಣ್ಣೆಯಲ್ಲಿ ಮುಳುಗಿರುವುದರಿಂದ ಸಾಮಾನ್ಯವಾಗಿ ವಿದ್ಯುತ್ ಹರಿಯಗೊಡದ ಪಾಲಿಯಾಲ್ ಎಸ್ಟರ್ ಎಣ್ಣೆಯನ್ನು ಬಳಸುತ್ತಾರೆ. ಹಿಂದಿನ ಕಾರಿಗೆ ಬಳಸಿದ ಹೋಸಿನಲ್ಲಿ ಉಳಿದ ಸ್ವಲ್ಪ ಪ್ಯಾಗ್ ಆಯಿಲ್ ಒಳಸೇರಿದರೂ ನಿರೋಧಕತೆ ಕುಸಿದು, ಕಂಪ್ರೆಸರನ್ನೇ ಬದಲಿಸಬೇಕಾಗಬಹುದು.

ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ತಂದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಆರ್-134ಎ ಸೇರಿದ ಗುಂಪಿನ ಬಳಕೆ 2028ರಿಂದ ಇನ್ನಷ್ಟು ಏರದೆ ನಿಂತು, 2032ರಿಂದ ಹಂತಹಂತವಾಗಿ ಇಳಿದು, 2047ಕ್ಕೆ ಶೇ 85ರಷ್ಟು ಕಡಿಮೆಯಾಗಬೇಕು. ನಮ್ಮ ಬಹುಪಾಲು ಕಾರುಗಳಲ್ಲಿ ಈಗಲೂ ಆರ್-134ಎ ಇದೆ, ಇವತ್ತು ಕೊಂಡ ಕಾರು 2040ರ ತನಕ ಓಡಬಹುದು. ಅಷ್ಟರಲ್ಲಿ ಮಯಾಮಿಯ ಕಥೆ ಇಲ್ಲಿ ಮರುಕಳಿಸಬಾರದೆಂದರೆ ಹಳೆಯ ಗ್ಯಾಸನ್ನು ಹಿಡಿದಿಟ್ಟು, ಶುದ್ಧಮಾಡಿ, ಮತ್ತೆ ಬಳಸುವ ವ್ಯವಸ್ಥೆ ಸಣ್ಣ ಗ್ಯಾರೇಜಿಗೂ ಎಟುಕಬೇಕು. ರಿಕವರಿ ಯಂತ್ರದ ಬೆಲೆಯನ್ನು ನೋಡಿದರೆ ಸರ್ಕಾರದ ನೆರವಿಲ್ಲದೆ ಅದು ಆಗುವ ಮಾತಲ್ಲ ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಕಾರಿನ ಮಾಲೀಕರು ಕೇಳಬಹುದಾದದ್ದು ತೂಕದ ಲೆಕ್ಕ. 30 ಡಿಗ್ರಿ ಸೆಖೆಯಲ್ಲಿ ನಿಂತ ಕಾರಿನ ಎಸಿಯಲ್ಲಿ ಒತ್ತಡ ಸುಮಾರು 95 ಪಿಎಸ್‌ಐ ತೋರಿಸುತ್ತದೆ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 450 ಗ್ರಾಂ ಇದ್ದರೂ ಅಷ್ಟೇ, ಏಕೆಂದರೆ ದ್ರವ ಉಳಿದಿರುವ ತನಕ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ. ಎಷ್ಟು ಗ್ರಾಂ ಇರಬೇಕೆಂಬುದು ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಸಾಮಾನ್ಯವಾಗಿ ನಮೂದಾಗಿರುತ್ತದೆ. ರಿಕವರಿ ಯಂತ್ರವಿರುವ ಕಡೆ ಎಷ್ಟು ಗ್ರಾಂ ಹೊರತೆಗೆದರು, ಎಷ್ಟು ಗ್ರಾಂ ಹಾಕಿದರು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ, ಸ್ಟಿಕ್ಕರಿನ ಅಂಕಿಗೂ ಹೊರತೆಗೆದ ತೂಕಕ್ಕೂ ಇರುವ ವ್ಯತ್ಯಾಸವೇ ಸೋರಿಹೋದ ಗ್ಯಾಸಿನ ಲೆಕ್ಕ, ಮತ್ತು ಲೀಕ್ ಹುಡುಕುವ ಕೆಲಸ ಬಾಕಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ.