ಮಕ್ಕಳು ಕಡಿಮೆಯಾದರೂ ಜನ ಜಾಸ್ತಿಯಾಗುವುದೇಕೆ?

1921ರ ಗಣತಿಯಲ್ಲಿ ಭಾರತದ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಕಡಿಮೆ ಬಂತು. 25.2 ಕೋಟಿ ಇದ್ದದ್ದು 25.1 ಕೋಟಿ. 1918ರ ಇನ್‌ಫ್ಲುಯೆನ್ಸಾ ಊರೂರನ್ನೇ ಬಳಿದುಕೊಂಡು ಹೋಗಿತ್ತು. ಆಮೇಲೆ ಯಾವ ಗಣತಿಯಲ್ಲೂ ಸಂಖ್ಯೆ ಇಳಿದಿಲ್ಲ.

ಹಾಗಂತ ಆಗ ಜನ ಕಡಿಮೆ ಹೆರುತ್ತಿದ್ದರು ಅಂತಲ್ಲ. ಎಂಟು ಹೆತ್ತು ನಾಲ್ಕು ಉಳಿದರೆ ಪುಣ್ಯ ಅನ್ನುವ ಕಾಲ ಅದು. ಹುಟ್ಟೂ ಜಾಸ್ತಿ, ಸಾವೂ ಜಾಸ್ತಿ. ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತಿತ್ತು.

ಮೊದಲು ಇಳಿದದ್ದು ಸಾವು. ಸಿಡುಬಿಗೆ ಲಸಿಕೆ, ಮಲೇರಿಯಾ ಸೊಳ್ಳೆಗೆ ಡಿಡಿಟಿ, ಸೋಂಕಿಗೆ ಪೆನಿಸಿಲಿನ್, ಬರ ಬಿದ್ದ ಕಡೆಗೆ ರೈಲಿನಲ್ಲಿ ಧಾನ್ಯ. ಆದರೆ ಹೆರುವ ರೂಢಿ ರಾತ್ರೋರಾತ್ರಿ ಬದಲಾಗುತ್ತದೆಯೇ? ಹುಟ್ಟಿದ ಮಗು ಉಳಿಯುತ್ತದೆ ಅನ್ನುವ ಧೈರ್ಯ ಬರಲು ಒಂದು ತಲೆಮಾರೇ ಬೇಕು. ಆ ನಡುವಿನ ಕಾಲದಲ್ಲೇ 1951ರ 36 ಕೋಟಿ 1971ಕ್ಕೆ ಸುಮಾರು 55 ಕೋಟಿಯಾಯಿತು.

ಸರ್ಕಾರ ಸುಮ್ನೆ ಕೂತಿರಲಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಗರ್ಭನಿರೋಧದ ಕ್ಲಿನಿಕ್ ತೆರೆದಿತ್ತು. 1952ರಲ್ಲಿ ದೇಶಕ್ಕೆಲ್ಲ ಕುಟುಂಬ ಯೋಜನೆ ಬಂತು. ಗೋಡೆಗಳ ಮೇಲೆ ಕೆಂಪು ತ್ರಿಕೋನ, ಬಾಯಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’. (ಕೀರ್ತಿ ಮಾತ್ರ ಗಂಡಿಗೇ ಯಾಕೋ!) ತುರ್ತುಪರಿಸ್ಥಿತಿಯಲ್ಲಿ ಇದೇ ಯೋಜನೆ ಬಲವಂತಕ್ಕೆ ತಿರುಗಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಇಷ್ಟಾಗಿಯೂ ಆ ದಶಕದ ಬೆಳವಣಿಗೆ ಶೇ 24.7. ಅದರ ಹಿಂದಿನ ದಶಕದಲ್ಲಿ ಶೇ 24.8!

ಕೇರಳದಲ್ಲಿ ಹುಡುಗಿಯರು ಓದಿದರು, ಮದುವೆ ತಡವಾಯಿತು, ಹುಟ್ಟಿದ ಮಕ್ಕಳು ಉಳಿದವು. 1980ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿ ಮನೆಗೆ ಎರಡೇ ಮಕ್ಕಳು. ಪೊಲೀಸರ ಲಾಠಿಗಿಂತ ಶಾಲೆಯ ಗಂಟೆಯೇ ಹೆಚ್ಚು ಕೆಲಸ ಮಾಡಿತು ಅನ್ನಬೇಕು.

2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇಡೀ ದೇಶದಲ್ಲೇ ಒಬ್ಬ ಮಹಿಳೆಗೆ ಸರಾಸರಿ 2 ಮಕ್ಕಳು. ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3. ಮತ್ತೆ ಜನಸಂಖ್ಯೆ ಯಾಕೆ ಏರುತ್ತಿದೆ? ದೊಡ್ಡ ಸಂಸಾರಗಳಲ್ಲಿ ಹುಟ್ಟಿದವರೇ ಈಗ ಅಪ್ಪ-ಅಮ್ಮ ಆಗುತ್ತಿದ್ದಾರೆ, ಅದಕ್ಕೆ. ಜೋಡಿಗೆ ಎರಡೇ ಮಕ್ಕಳಾದರೂ ಜೋಡಿಗಳೇ ಜಾಸ್ತಿ ಅಲ್ವಾ?

ಈ ಉತ್ತರ-ದಕ್ಷಿಣದ ಅಂತರ ರಾಜಕೀಯಕ್ಕೂ ತಾಗಿದೆ. ಲೋಕಸಭೆ ಸೀಟು ಹಂಚುವುದು ಜನಸಂಖ್ಯೆ ನೋಡಿ. ಮಕ್ಕಳನ್ನು ಮಿತಿಗೊಳಿಸಿದ ರಾಜ್ಯಗಳು ಸೀಟು ಕಳೆದುಕೊಳ್ಳಬಾರದೆಂದು 1976ರಲ್ಲೇ ರಾಜ್ಯವಾರು ಸೀಟುಗಳನ್ನು 1971ರ ಗಣತಿಗೆ ಕಟ್ಟಿಹಾಕಲಾಯಿತು. 2001ರ ಸಂವಿಧಾನ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಗಣತಿಯ ತನಕ ಮುಂದುವರಿಸಿತು.